ಒಂದೇ ಎಳೆತದ ಗಂಟು

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಬುಧವಾರ ಬೆಳಿಗ್ಗೆ ಅತ್ತಿಗೆ ಫುವೆನ್ಸಾಂತಾ ನನ್ನ ಅಂಗಡಿಗೆ ಬಂದು, ರೇಷ್ಮೆ ಹುರಿ ಬೇಡ, ಹತ್ತಿ ಹುರಿ ಕೊಡು ಎಂದಳು. ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ.

ನನ್ನದು ಗುಂಡಿ, ದಾರ, ಲೇಸು, ಹುರಿ ಮಾರುವ ಅಂಗಡಿ. ಬೇರೆ ವಿಷಯಗಳಲ್ಲಿ ಯಾರು ಬೇಕಾದರೂ ನನಗೆ ಟೋಪಿ ಹಾಕಬಹುದು, ಹಾಕಿದವರೂ ಇದ್ದಾರೆ. ಹುರಿಯ ವಿಷಯದಲ್ಲಿ ಮಾತ್ರ ಆಗದು. ರೇಷ್ಮೆ ಜಾರುತ್ತದೆ, ಹತ್ತಿ ಕಚ್ಚುತ್ತದೆ. ಅದರಲ್ಲೂ ಅತ್ತಿಗೆ ಬೆರಳು ತೋರಿಸಿದ್ದು ಬಣ್ಣದಲ್ಲಿ ರೇಷ್ಮೆಯಂತೆಯೇ ಇರುವ, ಪರದೆ ಕಟ್ಟುವ ಹಳದಿ ಹುರಿಯ ಕಡೆಗೆ. ಒಮ್ಮೆ ಬಿಗಿದರೆ ಅದನ್ನು ಕತ್ತರಿಯೇ ಬಿಡಿಸಬೇಕು.

“ಹತ್ತೀದಾ? ಯಾರಿಗೆ?” ಎಂದೆ.

“ಯಾರಿಗೆ ಅಂದ್ರೆ? ಸ್ವಾಮಿಗೆ.”

“ಸ್ವಾಮಿಗೆ ಯಾವತ್ತು ಹತ್ತಿ ಕಟ್ಟಿದ್ದೀವಿ, ಅತ್ತಿಗೆ? ನಿಮ್ಮಮ್ಮನ ಕಿವಿಗೆ ಬಿದ್ರೆ ಗೋರಿಯಿಂದ ಎದ್ದು ಬರ್ತಾಳೆ.”

“ಬರ್ಲಿ. ಬಂದ್ರೆ ಇಸ್ತ್ರಿ ಕೆಲ್ಸ ಬಾಕಿ ಇದೆ, ಮಾಡ್ಕೊಡ್ಲಿ.”

ಫುವೆನ್ಸಾಂತಾ ಹಾಗೆ ತಮಾಷೆ ಮಾಡಿದ್ದು ನನ್ನ ಅಣ್ಣ ಸತ್ತು ಎರಡು ಚಳಿಗಾಲಗಳಾದ ಮೇಲೆ ಅದೇ ಮೊದಲು. ಆದರೆ ಅವಳ ಮುಖದಲ್ಲಿ ನಗೆಯಿರಲಿಲ್ಲ. ಗಲ್ಲಾದ ಮೇಲೆ ಅವಳ ಬೆರಳುಗಳು ಸುಮ್ಮನಿರದೆ ತಟ್ಟುತ್ತಲೇ ಇದ್ದವು. ನಾನು ಹುರಿಯನ್ನು ಅಳೆದು ಕತ್ತರಿಸಿದೆ. ಕೊಡಬಾರದಿತ್ತೇನೋ. ಆದರೆ ಅವಳು ಸತ್ತ ನನ್ನ ಅಣ್ಣನ ಹೆಂಡತಿ, ನಾನು ಅವನ ತಂಗಿ. ಅವಳು ಏನು ಮಾಡಲು ಹೊರಟಿದ್ದಾಳೆಂದು ತಿಳಿದಾಗ ನನ್ನ ಅರ್ಧ ಮನಸ್ಸು ಬೇಡವೆಂದಿತು, ಇನ್ನರ್ಧ ಕಟ್ಟು, ಗಟ್ಟಿಯಾಗಿ ಕಟ್ಟು ಎಂದಿತು.

ನಮ್ಮೂರಿನ ಸೆರೆಯಾಳು ಸ್ವಾಮಿಯ ಕೈಗಳು ಮುಂದೆ ಜೋಡಿಸಿ ಕಟ್ಟಿರುತ್ತವೆ. ಯೇಸುವನ್ನು ಹಿಡಿದು ತಂದು ನಿಲ್ಲಿಸಿದ ಗಳಿಗೆಯ ಮರದ ವಿಗ್ರಹ ಅದು. ಕೆನ್ನೆ ಸ್ವಲ್ಪ ಊದಿದೆ, ಕಣ್ಣು ಯಾರನ್ನೂ ನೋಡುವುದಿಲ್ಲ. ಆ ಕೈಗಳಿಗೆ ಸುತ್ತುವ ಹುರಿಗೆ ನಾವು ಮನೀಯಾ ಎನ್ನುತ್ತೇವೆ. ಹಳೆಯ ಕಾಲದಲ್ಲಿ ಅದು ಕೈದಿಗಳ ಮಣಿಕಟ್ಟಿಗೆ ಹಾಕುತ್ತಿದ್ದ ಕಬ್ಬಿಣದ ಕೋಳದ ಹೆಸರಂತೆ. ಬೇರೆ ಊರುಗಳಲ್ಲಿ ಇವತ್ತಿಗೂ ಅದಕ್ಕೆ ಏನೇನೋ ಅರ್ಥವಿರಬಹುದು, ನನಗೆ ಗೊತ್ತಿಲ್ಲ. ನಮ್ಮೂರಲ್ಲಿ ಆ ಮಾತು ಸ್ವಾಮಿಯ ಕೈಗೆ ಬಂದ ಮೇಲೆ ಕಬ್ಬಿಣವನ್ನು ಬಿಟ್ಟುಬಿಟ್ಟಿದೆ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕಟ್ಟು ಯಾವುದಿದ್ದರೂ ಅದು ಮನೀಯಾ. ಮೇಕೆಯನ್ನು ಗೂಟಕ್ಕೆ ಕಟ್ಟುವಾಗ ಹಾಕುವುದು ಮನೀಯಾ. ಅಡುಗೆಯ ಏಪ್ರನ್ನಿನ ಬೆನ್ನಿಗೆ ಹಾಕುವುದು ಮನೀಯಾ. ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಳ್ಳುವವರು “ಮನೀಯಾ ಹಾಕಿ” ಎನ್ನುತ್ತಾರೆ, ಮನೆಗೆ ಹೋಗಿ ಹಲ್ಲಿನಿಂದ ಬಿಡಿಸುವ ಪಾಡು ಬೇಡವೆಂದು. ಕಸಿಲ್ದಾಳ ಬಾಯಿಗೆ ಮನೀಯಾ ಹಾಕಿದೆ, ಸ್ವಲ್ಪ ಎಳೆದರೆ ಸಾಕು ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುವುದೂ ಉಂಟು. ಆದರೆ ಪೊಲೀಸರು ಹಾಕುವ ಬೇಡಿಗೆ ಮನೀಯಾ ಎಂದು ನಮ್ಮೂರಲ್ಲಿ ಯಾರೂ ಅನ್ನುವುದಿಲ್ಲ. ಅದಕ್ಕೆ ‘ಕಬ್ಬಿಣ’ ಎನ್ನುತ್ತೇವೆ, ಅದೂ ದನಿ ತಗ್ಗಿಸಿ.

ಪ್ರತಿ ವರ್ಷ ಪವಿತ್ರ ಗುರುವಾರ ಜಿಲ್ಲೆಯ ಜೈಲಿನಿಂದ ಒಬ್ಬ ಕೈದಿಗೆ ಮಾಫಿ ಸಿಗುತ್ತದೆ. ಸ್ವಾಮಿಯ ಸಂಘದವರು ಕೇಳಿಕೊಳ್ಳುತ್ತಾರೆ, ಮೇಲಿನವರು ಒಪ್ಪುತ್ತಾರೆ. ಬಿಡುಗಡೆಯಾದವನು ಬಿಳಿ ನಿಲುವಂಗಿ ತೊಟ್ಟು, ಮುಖಕ್ಕೆ ಮುಸುಕು ಹಾಕಿಕೊಂಡು, ಬರಿಗಾಲಲ್ಲಿ ಇಗರ್ಜಿಯ ಬಾಗಿಲಿಗೆ ಬರುತ್ತಾನೆ. ಅಲ್ಲಿ ಪಲ್ಲಕ್ಕಿಯಲ್ಲಿ ನಿಂತ ಸ್ವಾಮಿಯ ಮುಂದೆ ಸಣ್ಣ ಏಣಿ ಹತ್ತಿ ಮನೀಯಾದ ತುದಿ ಹಿಡಿದು ಒಮ್ಮೆ ಎಳೆಯುತ್ತಾನೆ. ಹುರಿ ಅವನ ಕೈಗೆ ಬೀಳುತ್ತದೆ, ನಿಂತಿದ್ದ ನಗಾರಿ ಮತ್ತೆ ಶುರುವಾಗುತ್ತದೆ, ಅವನು ಹುರಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಸ್ವಾಮಿಯ ಹಿಂದೆ ನಡೆಯುತ್ತಾನೆ. ಹಾಗೆ ನಡೆದವನ ಹಳೆಯ ಕತೆಯನ್ನು ಆಮೇಲೆ ಯಾರೂ ಎತ್ತಬಾರದು. ಇದು ಊರಿನ ಕಟ್ಟು.

ಬಿಚ್ಚದಿದ್ದರೆ? ನನ್ನ ನೆನಪಿನಲ್ಲಿ ಒಮ್ಮೆ ಹಾಗಾಗಿತ್ತು. ಮಳೆಗೆ ನೆನೆದಿದ್ದ ಹುರಿ, ಚಪ್ಪಲಿ ಹೊಲಿಯುತ್ತಿದ್ದ ಕಿಂತೀನ್ ಎಂಬವನು ಎಷ್ಟು ಜಗ್ಗಿದರೂ ಬರಲಿಲ್ಲ. ಸ್ವಾಮಿ ಒಲ್ಲೆ ಅಂದುಬಿಟ್ಟ ಎಂದು ಊರೆಲ್ಲ ಗುಸುಗುಸು. ಆಮೇಲೆ ಅವನ ಹತ್ತಿರ ಒಬ್ಬರೂ ಚಪ್ಪಲಿ ಹೊಲಿಸಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಅವನು ಗಂಟುಮೂಟೆ ಕಟ್ಟಿಕೊಂಡು ಲಿನಾರೆಸ್ ಪಟ್ಟಣದ ಕಡೆಗೆ ಹೋದ.

ಸ್ವಾಮಿಗೆ ಬಟ್ಟೆ ತೊಡಿಸುವ, ಮನೀಯಾ ಕಟ್ಟುವ ಹಕ್ಕು ಒಂದೇ ಮನೆತನದ ಹೆಂಗಸರದು. ತಾಯಿಯ ನಂತರ ಈಗ ಅದು ಫುವೆನ್ಸಾಂತಾಳ ಕೈಯಲ್ಲಿದೆ. ಈ ವರ್ಷ ಮಾಫಿ ಸಿಕ್ಕಿದ್ದು ಅಮಾದೋರನಿಗೆ. ಅವನು ಕುಡಿದ ಅಮಲಿನಲ್ಲಿ ಆಲಿವ್ ತುಂಬಿದ ಟ್ರಾಕ್ಟರಿನ ಗಾಡಿಯನ್ನು ಹಿಂದಕ್ಕೆ ಬಿಟ್ಟಾಗ, ಹಿಂದೆ ಮರದಡಿಯಲ್ಲಿ ಬಲೆ ಹಾಸುತ್ತಿದ್ದವನು ನನ್ನ ಅಣ್ಣ ಮೆಲಿತೋನ್.

ಅತ್ತಿಗೆ ಆ ಕಡೆ ಹೋದಳೋ ಇಲ್ಲವೋ, ಈ ಕಡೆಯಿಂದ ವಿಸಿತಾ ಚಿಕ್ಕಮ್ಮ ಒಳಗೆ ಬಂದಳು. ಅಮಾದೋರನ ತಾಯಿ, ಊರವರಿಗೆಲ್ಲ ಚಿಕ್ಕಮ್ಮ. ನನ್ನ ಅಂಗಡಿಯಿಂದ ಎರಡು ಬಾಗಿಲು ಆಚೆ ಅವಳ ಬ್ರೆಡ್ಡಿನ ಅಂಗಡಿ. ಅವಳೂ ಅತ್ತಿಗೆಯೂ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳುವುದರಲ್ಲಿ ಎಷ್ಟು ಪಳಗಿದ್ದರೆಂದರೆ, ಒಂದೇ ಬೀದಿಯಲ್ಲಿದ್ದುಕೊಂಡು ಇಷ್ಟು ದಿನ ಎದುರಾಬದುರಾ ಆಗಿರಲಿಲ್ಲ. ಚಿಕ್ಕಮ್ಮ ಮೂಲೆಯಲ್ಲಿ ಅಡಗಿ ಕಾದಿದ್ದಳೆಂದು ಅವಳ ಏದುಸಿರಿನಿಂದಲೇ ಗೊತ್ತಾಯಿತು.

“ಬಿಳಿ ದಾರ ಕೊಡಮ್ಮ, ಮುಸುಕು ಹೊಲೀಬೇಕು,” ಎಂದಳು. ದಾರ ತೆಗೆದುಕೊಟ್ಟೆ. ಅವಳು ಹೋಗಲಿಲ್ಲ. ಉಂಡೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು.

“ಅವ್ಳು ಹುರಿ ತಗೊಂಡ್ ಹೋದ್ಳಾ?”

“ತಗೊಂಡ್ಳು.”

“ರೇಷ್ಮೇದೇ ಅಲ್ವಾ?”

ಸುಳ್ಳು ಹೇಳಲು ನನಗೆ ಬರುವುದಿಲ್ಲ ಅಂತಲ್ಲ. ಆಗ ಬಾಯಿಗೆ ಬರಲಿಲ್ಲ. “ಹುರಿ ತಗೊಂಡ್ಳು ಚಿಕ್ಕಮ್ಮ, ಹಳದಿ ಹುರಿ,” ಎಂದೆ.

ಅವಳು ಕಪಾಟಿನ ಕಡೆ ನೋಡಿದಳು. ರೇಷ್ಮೆಯ ಸುರುಳಿಗೆ ಸುತ್ತಿದ ಕಾಗದ ಹರಿದಿರಲಿಲ್ಲ. ಪಕ್ಕದಲ್ಲಿ ಹತ್ತಿಯ ಸುರುಳಿಯ ತುದಿ ಜೋತಾಡುತ್ತಿತ್ತು. ಬ್ರೆಡ್ಡು ಮಾರುವವಳಾದರೇನು, ಕಣ್ಣಿಲ್ಲವೇ?

“ಈಗ್ಲೇ ಅರ್ಧ ಊರು ಕೆಳಗಿನ ಬೀದಿ ಅಂಗಡಿಗೆ ಹೋಗ್ತಾರೆ,” ಎಂದಳು ಮೆಲ್ಲಗೆ. “ನಾಳೆ ಅದು ಬಿಚ್ಲಿಲ್ಲ ಅಂದ್ರೆ ಒಲೆ ಆರಿಸೋದೇ. ನನ್ನ ಮಗ ತಪ್ಪು ಮಾಡ್ದ, ಇಲ್ಲ ಅನ್ನಲ್ಲ. ಮೆಲಿತೋನ್ ನನ್ನ ಕೈಯಿಂದ ಬಿಸಿ ಬ್ರೆಡ್ಡು ಕಿತ್ಕೊಂಡು ತಿಂದವ್ನು. ನಾನು ಹೆಂಗೆ ಮರೀಲಿ? ಆದ್ರೆ ಈ ವಯಸ್ಸಲ್ಲಿ ಯಾವೂರಿಗೆ ಹೋಗ್ಲಿ ಕಸಿಲ್ದಾ?”

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಕೇಳಿದರೆ ಹೇಳಲಾರೆ. “ನನ್ನನ್ಯಾಕೆ ಕೇಳ್ತೀರಿ? ಗಂಟು ಹಾಕೋದು ನಾನಾ?” ಎಂದು ಗದರಿದೆ. ಅವಳು ತಲೆ ತಗ್ಗಿಸಿ ಹೋದಳು. ಆ ದಿನವೆಲ್ಲ ನನಗೆ ಕೂತರೆ ನಿಂತರೆ ಸಮಾಧಾನವಿಲ್ಲ. ನೀಲಿ ಗುಂಡಿ ಕೇಳಿದವರಿಗೆ ಕಪ್ಪು ಗುಂಡಿ ಕೊಟ್ಟೆ, ಅಂಗಡಿ ಬೇಗ ಮುಚ್ಚಿದೆ, ಮುಚ್ಚಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಎರಡು ಸಲ ವಾಪಸು ಬಂದೆ.

ಗುರುವಾರ ಮಧ್ಯಾಹ್ನ ಸ್ವಾಮಿಗೆ ಬಟ್ಟೆ ತೊಡಿಸುವ ಹೊತ್ತು. ಆಗ ಇಗರ್ಜಿಯ ಒಳಕೋಣೆಯಲ್ಲಿ ಗಂಡಸರು ಇರುವಂತಿಲ್ಲ. ತೊಡಿಸುವವಳು ಒಬ್ಬಳು, ಪಿನ್ನು ಹಿಡಿದು ನಿಲ್ಲುವವಳು ಇನ್ನೊಬ್ಬಳು. ಪಿನ್ನಿನವಳು ನಾನು. ಬಾಗಿಲ ಹೊರಗೆ ಸಂಘದ ಹಿರಿಯ ದೊನ್ ಬಲ್ದೊಮೇರೊ ಅಡ್ಡಾಡುತ್ತಿದ್ದರು. ಔಷಧದ ಅಂಗಡಿ ಅವರದು, ಊರಿನ ಸಂಪ್ರದಾಯವೂ ಅವರದೇ ಎಂಬಂತೆ ಮಾತಾಡುತ್ತಾರೆ.

“ಆಯ್ತೇನಮ್ಮ? ನಿಲುವಂಗಿ ಹಿಂದ್ಗಡೆ ಜೋಲ್ತಿದ್ಯಾ ನೋಡಿ!”

“ಜೋಲ್ತಿಲ್ಲ ದೊನ್ ಬಲ್ದೊಮೇರೊ,” ಎಂದೆ.

“ಹಗ್ಗ ಕಟ್ಟೋವಾಗ...” ಎಂದು ಆಚೆಯಿಂದ ಯಾರೋ ಹುಡುಗ ಏನೋ ಕೇಳಿದ. ದೊನ್ ಬಲ್ದೊಮೇರೊ ಅವನಿಗೆ ಅಲ್ಲೇ ಪೂಜೆ ಮಾಡಿದರು. “ಹಗ್ಗ ಅಂತೀಯಾ? ಹಗ್ಗ ಕತ್ತೆಗೆ ಕಟ್ಟೋದು! ಮನೀಯಾ ಅನ್ನು. ಏನು ಮನೀಯಾ ಅಂದ್ರೆ? ಹಾಂ? ಒಂದೇ ಎಳೆತ! ಎರಡನೇ ಸಲ ಎಳೆದ್ರೆ ಅದು ಮನೀಯಾ ಅಲ್ಲ.”

ಫುವೆನ್ಸಾಂತಾ ಅದನ್ನು ಕೇಳಿಸಿಕೊಂಡು ಕೈಯಾಡಿಸುವುದನ್ನು ನಿಲ್ಲಿಸಿದಳು. ಆಮೇಲೆ ಬುಟ್ಟಿಯಿಂದ ಹತ್ತಿ ಹುರಿ ತೆಗೆದಳು. ಅದು ಒದ್ದೆಯಾಗಿತ್ತು. ನೀರಲ್ಲಿ ಅದ್ದಿ ತಂದಿದ್ದಳು. ಒಣಗುತ್ತ ಇನ್ನಷ್ಟು ಬಿಗಿಯಲಿ ಎಂದು.

ಮರದ ಮಣಿಕಟ್ಟುಗಳ ಸುತ್ತ ಹುರಿ ಹೋಯಿತು. ಒಂದು ಸುತ್ತು, ನಡುವೆ ಅಡ್ಡಕ್ಕೆ ಒಂದು. ಇಲ್ಲಿ ತುದಿಯನ್ನು ಮಡಚಿ ಕುಣಿಕೆ ಬಿಡಬೇಕು. ಅವಳು ಮಡಚಲಿಲ್ಲ. ತುದಿಯನ್ನು ಪೂರ್ತಿ ಒಳಗೆ ತೂರಿಸಿ ಎಳೆದಳು, ಅದರ ಮೇಲೆ ಇನ್ನೊಂದು ಹಾಕಿ ಎಳೆದಳು. ಕಗ್ಗಂಟು. ಆಮೇಲೆ ಇನ್ನೊಂದು ತುಂಡು ಹುರಿಯನ್ನು ಮೇಲಿಂದ ಸಿಕ್ಕಿಸಿ, ಎಳೆಯುವ ತುದಿಯಂತೆ ಚೆಂದವಾಗಿ ಇಳಿಬಿಟ್ಟಳು. ದೂರದಿಂದ ನೋಡಿದರೆ ಪ್ರತಿ ವರ್ಷದಂತೆಯೇ.

“ಅತ್ತಿಗೆ, ಇದೇನು?” ಎಂದೆ. ನನ್ನ ಬಾಯಲ್ಲಿ ಪಿನ್ನುಗಳಿದ್ದವು, ನುಂಗಿಬಿಡುತ್ತಿದ್ದೆ.

“ನಿಂಗೆ ಕಾಣ್ತಿಲ್ವಾ?”

“ಅವ್ನನ್ನ ಮಾಫಿ ಮಾಡೋಕೆ ನೀನೇ ಒಪ್ಪಿದ್ಯಲ್ಲಾ?”

“ಒಪ್ಪಿದೆ. ಸಂಘದೋರು, ಪಾದ್ರಿ, ಎಲ್ಲಾ ಬಂದ್ರು. ಸಿಹಿ ಪೊಟ್ಟಣ ತಂದ್ರು. ಸ್ವಾಮಿ ಕೆಲಸ ಅಂದ್ರು. ನಾನು ಏನ್ ಬೇಕಾದ್ರೂ ಮಾಡ್ಕೊಳ್ಳಿ ಅಂದೆ. ಎಲ್ರೂ ನನ್ನ ಕೈ ಮುಟ್ಟಿ ಎಷ್ಟು ದೊಡ್ಡ ಮನ್ಸು ಅಂದ್ರು. ಸಿಹಿ ಹಾಳಾಗಿತ್ತು, ಗೊತ್ತಾ? ಕೋಳಿಗೆ ಹಾಕ್ದೆ.” ಅವಳು ಗಂಟನ್ನು ಬೆರಳಿನಿಂದ ಅಮುಕಿ ನೋಡಿದಳು. “ಗಂಟು ಹೆಂಗೆ ಹಾಕ್ತೀಯಾ ಅಂತ ಮಾತ್ರ ಯಾರೂ ಕೇಳ್ಲಿಲ್ಲ.”

“ವಿಸಿತಾ ಚಿಕ್ಕಮ್ಮ ಊರು ಬಿಡ್ಬೇಕಾಗುತ್ತೆ.”

“ಬಿಡ್ಲಿ.”

ಆಮೇಲೆ ನನ್ನ ಮುಖ ನೋಡದೆ, ಸ್ವಾಮಿಯ ತೋಳನ್ನು ನೇರ ಮಾಡುತ್ತ, ಇಷ್ಟು ದಿನ ಯಾರಿಗೂ ಹೇಳದ್ದನ್ನು ಹೇಳಿದಳು. “ಆಸ್ಪತ್ರೆ ಅಂಗಳದಲ್ಲಿ ಅವ್ನಿಗೆ ಕಬ್ಬಿಣ ಹಾಕಿದ್ರಲ್ಲ, ಆಗ ನಾನು ಅಲ್ಲೇ ಇದ್ದೆ. ಮೆಲಿತೋನ್ ಒಳಗಡೆ, ಬಟ್ಟೆ ಹೊದಿಸಿದ್ರು. ಆ ಪೊಲೀಸಿನವನು ಹುಡುಗ. ಕಬ್ಬಿಣ ಮುಚ್ಚೋ ಮುಂಚೆ ಅಮಾದೋರನ ಅಂಗಿ ತೋಳನ್ನ ಕೆಳಗೆ ಎಳೆದು, ಕಬ್ಬಿಣಕ್ಕೂ ಚರ್ಮಕ್ಕೂ ನಡುವೆ ಇಟ್ಟ. ಚುಚ್ಚಬಾರ್ದು ಅಂತ. ಕೇಳಿಸ್ತಾ? ಚುಚ್ಚಬಾರ್ದು ಅಂತ! ನನ್ನ ಗಂಡನ ಎದೆ ಮೇಲೆ ಗಾಡಿ ಹೋಗಿದೆ, ಇಲ್ಲಿ ಇವ್ನ ಮಣಿಕಟ್ಟು ಕೆಂಪಾಗಬಾರ್ದು ಅಂತ ನೋಡ್ಕೋತಿದ್ದಾರೆ. ಅವತ್ತಿಂದ ನಂಗೆ ಕಣ್ ಮುಚ್ಚಿದ್ರೆ ಮೆಲಿತೋನ್ ಕಾಣಲ್ಲ ಕಸಿಲ್ದಾ. ಆ ಅಂಗಿ ತೋಳೇ ಕಾಣುತ್ತೆ.”

ನನಗೆ ಅಳು ಬಂತು, ಅಳಲಿಲ್ಲ. ಬಿಡಿಸಿಬಿಡೋಣ ಎಂದು ಕೈ ಚಾಚಿದೆ. ಅವಳು ನನ್ನ ಕೈಯನ್ನು ಫಟ್ಟನೆ ಹೊಡೆದಳು. ಮನೀಯಾ ಮುಟ್ಟುವ ಹಕ್ಕು ನನಗಿಲ್ಲ, ಅದು ನಿಜವೇ. ಅಷ್ಟರಲ್ಲಿ ದೊನ್ ಬಲ್ದೊಮೇರೊ ಬಾಗಿಲು ಬಡಿದರು. ಪಲ್ಲಕ್ಕಿ ಹೊರುವವರು ಬಂದಿದ್ದರು.

ಇಗರ್ಜಿಯ ಮುಂದಿನ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಸಿಲು ಚುರುಕಾಗಿತ್ತು. ನಾನು ಮುಂದಿನ ಸಾಲಿನಲ್ಲಿ ಅತ್ತಿಗೆಯ ಮೊಣಕೈಗೆ ಅಂಟಿಕೊಂಡು ನಿಂತಿದ್ದೆ. ಅವಳು ತಲೆಯ ಮೇಲೆ ಕಪ್ಪು ಲೇಸು ಹೊದ್ದಿದ್ದಳು, ನನ್ನ ಅಂಗಡಿಯದೇ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇದ್ದಳು. ಆಚೆ ಬದಿಯಲ್ಲಿ, ಕಂಬದ ಮರೆಗೆ, ವಿಸಿತಾ ಚಿಕ್ಕಮ್ಮ ಕಾಣಿಸಿದಳು. ಅವಳ ಸುತ್ತ ಒಂದು ಕುರ್ಚಿ ಹಾಕುವಷ್ಟು ಜಾಗ ಖಾಲಿಯಿತ್ತು, ಅಷ್ಟು ನೂಕುನುಗ್ಗಲಿನಲ್ಲೂ.

ಮುಸುಕಿನವನು ಬಂದ. ಮುಸುಕು ಹಾಕಿದರೆ ಗುರುತು ಸಿಗುವುದಿಲ್ಲ ಎಂದು ಸಂಘದವರ ನಂಬಿಕೆ. ಆ ಹೆಗಲು, ಆ ದೊಡ್ಡ ಪಾದ ನೋಡಿ ಚಿಕ್ಕ ಮಕ್ಕಳೂ “ಅಮಾದೋರ್, ಅಮಾದೋರ್” ಎನ್ನುತ್ತಿದ್ದವು. ನಗಾರಿ ನಿಂತಿತು. ಅವನು ಏಣಿ ಹತ್ತಿದ.

ಇಳಿಬಿಟ್ಟಿದ್ದ ತುದಿಯನ್ನು ಅವನು ಹಿಡಿದ. ಎಳೆಯಲಿಲ್ಲ. ಇನ್ನೊಂದು ಕೈಯ ಬೆರಳನ್ನು ಗಂಟಿನ ಮೇಲೆ ಇಟ್ಟ. ವರ್ಷಗಟ್ಟಲೆ ಗಾಡಿಗೆ ಹೊರೆ ಕಟ್ಟಿದವನು ಅವನು, ಗಂಟು ಎಂಥದ್ದೆಂದು ಅವನ ಬೆರಳಿಗೆ ತಿಳಿಯದೆ ಇರುತ್ತದೆಯೇ? ಹಾಗೇ ನಿಂತುಬಿಟ್ಟ. ಚೌಕದಲ್ಲಿ ಯಾರೋ ಕೆಮ್ಮಿದರು. ಎಲ್ಲೋ ಒಂದು ಮಗು ಅತ್ತಿತು, ತಾಯಿ ಬಾಯಿ ಮುಚ್ಚಿದಳು.

“ಎಳೆಯಪ್ಪಾ, ಎಳಿ!” ಎಂದು ದೊನ್ ಬಲ್ದೊಮೇರೊ ಹಲ್ಲು ಕಚ್ಚಿ ಪಿಸುಗುಟ್ಟಿದರು. ಆ ಪಿಸುಮಾತು ಹಿಂದಿನ ಸಾಲಿಗೂ ಕೇಳಿಸಿತು.

ಅಮಾದೋರ್ ತುದಿ ಬಿಟ್ಟು ಏಣಿ ಇಳಿದ. ಜನ ಒಮ್ಮೆಗೇ ಗುಜುಗುಜು ಎಂದರು. ಅವನು ನೇರ ನಮ್ಮ ಕಡೆ ಬಂದ. ನಾನು ಅತ್ತಿಗೆಯ ತೋಳು ಹಿಡಿದೆ. ಅತ್ತಿಗೆಯ ಎದುರು ನಿಂತು, ಮುಸುಕಿನ ಒಳಗಿಂದ, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಹೇಳಿದ.

“ಅಕ್ಕ, ಎಳೆದ್ರೆ ಅದು ಇನ್ನೂ ಬಿಗಿಯುತ್ತೆ. ನೀನೇ ಹಾಕಿದ್ದು, ನೀನೇ ಬಿಡ್ಸಿದ್ರೆ ಉಂಟು. ಬಿಡ್ಸಲ್ಲ ಅಂದ್ರೂ ನಾನು ಯಾರಿಗೂ ಏನೂ ಹೇಳಲ್ಲ. ಕೈಲಾಗ್ಲಿಲ್ಲ ಅಂತೀನಿ, ಅಮ್ಮನ್ನ ಕರ್ಕೊಂಡು ಹೋಗ್ತೀನಿ.”

ಮೊದಲು ಅವನೂ ನನ್ನ ಅಣ್ಣನೂ ಆಲಿವ್ ಕೊಯ್ಲಿಗೆ ಒಟ್ಟಿಗೆ ಹೋಗುತ್ತಿದ್ದಾಗ ಅಮಾದೋರ್ ನಮ್ಮಣ್ಣನ ಮನೆಯಲ್ಲೇ ಉಣ್ಣುತ್ತಿದ್ದ. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. ಆ ಮಾತು ಕೇಳಿ ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಬೈಯುತ್ತಾಳೆ, ಉಗಿಯುತ್ತಾಳೆ, ಹೊಡೆದೇ ಬಿಡುತ್ತಾಳೆ ಎಂದುಕೊಂಡೆ. ಅವಳು ಏನೂ ಮಾಡಲಿಲ್ಲ. ಆಚೆ ಕಂಬದ ಬಳಿ ವಿಸಿತಾ ಚಿಕ್ಕಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆಮೇಲೆ ಅತ್ತಿಗೆ ಲೇಸನ್ನು ಹೆಗಲ ಮೇಲೆ ಸರಿಸಿ ಏಣಿಯ ಕಡೆ ನಡೆದಳು.

“ಏನಮ್ಮಾ ಇದು, ಹೆಂಗಸ್ರು ಹತ್ತೋ ಹಾಗಿಲ್ಲ!” ಎಂದರು ದೊನ್ ಬಲ್ದೊಮೇರೊ.

“ಕೆಳಗೆ ಹಿಡ್ಕೊಳ್ಳಿ, ಅಲ್ಲಾಡ್ತಿದೆ,” ಎಂದಳು ಅತ್ತಿಗೆ. ಅವರು ಪಾಪ, ಹಿಡಿದುಕೊಂಡರು.

ಕಗ್ಗಂಟು ಹಾಕಿದವಳಿಗೂ ಅದು ಕಗ್ಗಂಟೇ. ಒದ್ದೆ ಹತ್ತಿ ಬಿಸಿಲಿಗೆ ಒಣಗಿ ಕಲ್ಲಾಗಿತ್ತು. ಉಗುರು ಹಾಕಿದಳು, ಜಾರಿತು. ಮತ್ತೆ ಹಾಕಿದಳು, ಉಗುರು ಮುರಿಯಿತು. ಪಿನ್ನು ಕೊಡು ಎಂದು ನನ್ನ ಕಡೆ ಕೈ ಚಾಚಿದಳು, ಕೊಟ್ಟೆ. ಪಿನ್ನು ಬಾಗಿತು. ಅವಳು ಜಗ್ಗಿದ ಹಾಗೆಲ್ಲ ಹುರಿ ಸ್ವಾಮಿಯ ಮಣಿಕಟ್ಟಿಗೆ ಕೊರೆಯುತ್ತಿತ್ತು, ಹಳೆಯ ಬಣ್ಣ ಹೊಟ್ಟಿನಂತೆ ಉದುರುತ್ತಿತ್ತು. ಪಲ್ಲಕ್ಕಿಯ ಕೆಳಗೆ ಹೆಗಲು ಕೊಟ್ಟವರ ಕಾಲು ನಡುಗುತ್ತಿದ್ದದ್ದು ಕಾಣುತ್ತಿತ್ತು.

ಆಗ ಅಮಾದೋರ್ ಪಲ್ಲಕ್ಕಿಯ ಅಂಚಿಗೆ ಕಾಲಿಟ್ಟು ಹತ್ತಿ ಅವಳ ಪಕ್ಕ ನಿಂತ. ತನ್ನ ನಿಲುವಂಗಿಯ ತೋಳನ್ನು ಎಳೆದು, ಅದರ ತುದಿಯನ್ನು ಹುರಿಗೂ ಸ್ವಾಮಿಯ ಮಣಿಕಟ್ಟಿಗೂ ನಡುವೆ ಮೆಲ್ಲನೆ ತೂರಿಸಿದ. ಬಣ್ಣ ಇನ್ನು ಉದುರಬಾರದೆಂದು.

ಫುವೆನ್ಸಾಂತಾಳ ಕೈ ನಿಂತಿತು. ಅವಳು ಆ ತೋಳನ್ನೇ ನೋಡಿದಳು. ನೋಡುತ್ತಲೇ ಇದ್ದಳು. ಕೆಳಗೆ ನಿಂತು ನಾನು ಮಾತ್ರ ಅವಳು ಏನು ನೋಡುತ್ತಿದ್ದಾಳೆಂದು ತಿಳಿದಿದ್ದೆ. ಅಯ್ಯೋ, ತೆಗೆಯೋ ಮಾರಾಯ, ಅದೊಂದನ್ನು ತೆಗೆ ಎಂದು ಕೂಗಬೇಕೆನಿಸಿತು. ಅವನಿಗೇನು ಗೊತ್ತು? ಅವನಿಗೆ ಯಾರೋ ಹಾಗೆ ಮಾಡಿದ್ದರು, ಅವನು ಹಾಗೆ ಮಾಡಿದ.

“ಸರಿಯಾಗಿ ಹಿಡ್ಕೋ,” ಎಂದಳು ಅತ್ತಿಗೆ. “ದಡ್ಡ. ಅಲುಗಾಡಿಸ್ಬೇಡ.”

ಅವನು ಬಟ್ಟೆಯ ಸಮೇತ ಹುರಿಯನ್ನು ಎತ್ತಿ ಹಿಡಿದ. ಗಂಟಿಗೆ ಅಕ್ಕಿಕಾಳಿನಷ್ಟು ಸಡಿಲ ಸಿಕ್ಕಿತು. ಅವಳು ಬಾಗಿ ಹಲ್ಲು ಹಾಕಿದಳು, ಊರೆಲ್ಲರ ಎದುರಿಗೆ, ಮೇಕೆಯ ಹಗ್ಗ ಬಿಡಿಸುವಂತೆ. ಮೇಲಿನ ಗಂಟು ಬಂತು. ಕೆಳಗಿನದೂ ಬಂತು. ಹುರಿ ಕಲ್ಲಿನ ಮೇಲೆ ಬಿತ್ತು.

ನಗಾರಿಯವನಿಗೆ ಬಾರಿಸಬೇಕೋ ಬೇಡವೋ ತಿಳಿಯಲಿಲ್ಲ. ಹುರಿ ಬಿದ್ದದ್ದು ನನ್ನ ಕಾಲ ಬಳಿ. ಎತ್ತಿಕೊಂಡೆ. ಅಮಾದೋರ್ ಇಳಿದು ಬಂದು ಕೈ ಚಾಚಿದ. ಅಣ್ಣ ಸತ್ತ ದಿನದಿಂದ ನಾನು ಅವನ ಮುಖ ನೋಡಿರಲಿಲ್ಲ. ಈಗಲೂ ಮುಸುಕಿನ ಎರಡು ತೂತು ಮಾತ್ರ. ಕೊಟ್ಟೆ. ಮನಸಾರೆ ಕೊಟ್ಟೆನೆಂದರೆ ಸುಳ್ಳಾಗುತ್ತದೆ. ಕೈ ಚಾಚಿದ್ದ, ಕೊಟ್ಟೆ. ಅವನು ಸೊಂಟಕ್ಕೆ ಕಟ್ಟಿಕೊಂಡ. ಆಗ ನಗಾರಿಯವನಿಗೆ ಧೈರ್ಯ ಬಂತು.

ಆದರೆ ಊರಿನ ಬಾಯಿ ಕಟ್ಟಲಾಗುತ್ತದೆಯೇ? ಮೆರವಣಿಗೆ ಮುಗಿಯುವ ಮೊದಲೇ ವಾದ ಶುರುವಾಯಿತು. ಪಾನಗೃಹದ ಮುಂದೆ ದೊನ್ ಬಲ್ದೊಮೇರೊ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

“ಬಿಚ್ಚಿದ್ದು ನಿಜ. ಆದ್ರೆ ಹೆಂಗೆ ಬಿಚ್ತು? ಮನೀಯಾ ಅಂದ್ರೆ ಒಂದೇ ಎಳೆತ. ಅವ್ನು ಎಳೆದೇ ಇಲ್ಲ!”

“ಎಳೀದೇ ಬಿಚ್ಚಿದ್ರೆ ಇನ್ನೂ ಒಳ್ಳೇದಲ್ವಾ?” ಎಂದ ಯಾರೋ.

“ಹಲ್ಲು ಹಾಕಿ ಬಿಡ್ಸಿದ್ದು ಮನೀಯಾ ಹೇಗೆ ಆಗುತ್ತೆ? ಅದು ಕಬ್ಬಿಣ ಆದಂಗಾಯ್ತು.”

“ಹಂಗಾದ್ರೆ ಸ್ವಾಮಿ ಹೂಂ ಅಂದ್ನೋ ಉಹೂಂ ಅಂದ್ನೋ?”

ಅದಕ್ಕೆ ದೊನ್ ಬಲ್ದೊಮೇರೊ ಗಂಟಲು ಸರಿಮಾಡಿಕೊಂಡರು, ಉತ್ತರ ಕೊಡಲಿಲ್ಲ. ಉತ್ತರವಿಲ್ಲ ಎಂದರೆ ನಮ್ಮೂರಲ್ಲಿ ಜನ ಕಾದು ನೋಡುತ್ತಾರೆ, ಮೊದಲು ಹೆಜ್ಜೆ ಇಡುವವರು ಯಾರೆಂದು.

ಶುಕ್ರವಾರ ಬೆಳಿಗ್ಗೆ ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ವಿಸಿತಾ ಚಿಕ್ಕಮ್ಮನ ಅಂಗಡಿ ತೆರೆದಿತ್ತು. ಕಿಟಕಿಯಲ್ಲಿ ಓರ್ನಾಸೊಗಳು ಸಾಲಾಗಿದ್ದವು, ನಡುವೆ ಇಡೀ ಮೊಟ್ಟೆ ಹುದುಗಿಸಿ ಬೇಯಿಸುವ ದುಂಡು ರೊಟ್ಟಿ, ಈಸ್ಟರಿಗೆ ಎಲ್ಲರ ಮನೆಗೂ ಬೇಕೇಬೇಕು. ಬೇರೆ ವರ್ಷ ಆ ಹೊತ್ತಿಗೆ ಸಾಲು ನನ್ನ ಬಾಗಿಲು ದಾಟುತ್ತದೆ. ಈಗ ಒಬ್ಬರೂ ಇಲ್ಲ. ಹೆಂಗಸರು ಬುಟ್ಟಿ ಹಿಡಿದು ಆಚೆ ಬದಿಯ ಗೋಡೆಗೆ ಒರಗಿ ಮಾತಾಡುತ್ತಿದ್ದರು. ಯಾರೂ ಒಳಗೆ ಹೋಗಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ನಾನೇ ಹೋಗಬಹುದಿತ್ತು. ಎರಡು ಬಾಗಿಲ ದೂರ. ಕಾಲು ಏಳಲಿಲ್ಲ, ಮೆಲಿತೋನನ ನೆನಪಾಗಿ.

ಆಗ ಫುವೆನ್ಸಾಂತಾ ಬಂದಳು. ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ನನ್ನ ಮುಂದೆ ಹಾದುಹೋಗುತ್ತ, ನಿಲ್ಲದೆ, “ಬರ್ತೀಯಾ?” ಎಂದಳು.

ಹೋದೆ. ಆಚೆ ಬದಿಯ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು.

ವಿಸಿತಾ ಚಿಕ್ಕಮ್ಮ ನಮ್ಮನ್ನು ನೋಡಿ ಗಲ್ಲಾ ಹಿಡಿದುಕೊಂಡಳು. ಬೈಗುಳ ತಿನ್ನಲು ಸಿದ್ಧಳಾಗಿದ್ದಳು, ಪಾಪ. ಅತ್ತಿಗೆ ಕಿಟಕಿಯ ಕಡೆ ಬೆರಳು ತೋರಿಸಿ, “ಎರಡು ಕೊಡಿ. ಮೊಟ್ಟೆ ಒಡೆದಿರೋದು ಬೇಡ,” ಎಂದಳು.

ಚಿಕ್ಕಮ್ಮ ಎರಡನ್ನು ಆರಿಸಿ ಕಾಗದದಲ್ಲಿ ಸುತ್ತಿದಳು. ದಾರ ಸುತ್ತಿ, ತುದಿಗಳನ್ನು ಹೇಗೆ ಬಂತೋ ಹಾಗೆ ಎಳೆದು ಎರಡು ಗಂಟು ಬಿಗಿದು ಮುಂದೆ ತಳ್ಳಿದಳು. ಜೀವಮಾನವೆಲ್ಲ ಪೊಟ್ಟಣ ಕಟ್ಟಿದವಳು ಹಾಗೆ ಕಟ್ಟಿದ್ದು ಅಂದೇ ಇರಬೇಕು.

ಅತ್ತಿಗೆ ಪೊಟ್ಟಣವನ್ನು ನೋಡಿದಳು. ವಾಪಸು ತಳ್ಳಿದಳು.

“ಹಿಂಗಲ್ಲ ಚಿಕ್ಕಮ್ಮ,” ಎಂದಳು. “ಮನೀ...” ಅಲ್ಲಿಗೆ ತಡೆದಳು. ದಾರದ ಉಂಡೆಯನ್ನು ಚಿಕ್ಕಮ್ಮನ ಕಡೆ ಸರಿಸಿದಳು. “ಮನೀಯಾ ಹಾಕಿ.”

ಚಿಕ್ಕಮ್ಮ ಕತ್ತರಿಯಿಂದ ದಾರ ಕತ್ತರಿಸಿ ಎಸೆದು ಹೊಸ ದಾರ ತೆಗೆದಳು. ಕಣ್ಣೀರು ಕಾಗದದ ಮೇಲೆ ಬೀಳುತ್ತಿದ್ದರೂ ಈ ಸಲ ತುದಿಯನ್ನು ಮಡಚಿ ಕುಣಿಕೆ ಬಿಟ್ಟಳು. ಅತ್ತಿಗೆ ದುಡ್ಡು ಇಟ್ಟು ಪೊಟ್ಟಣ ಎತ್ತಿಕೊಂಡು ಹೊರಗೆ ಬಂದಳು.

ಬೀದಿಯ ನಡುವೆ, ಆ ಹೆಂಗಸರೆಲ್ಲ ನೋಡುತ್ತಿರುವಂತೆ, ಅವಳು ದಾರದ ತುದಿ ಹಿಡಿದು ಎಳೆದಳು. ಒಂದೇ ಎಳೆತ. ಕಾಗದ ಬಿಚ್ಚಿಕೊಂಡಿತು. ಒಂದು ರೊಟ್ಟಿಯನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು, ಅರ್ಧ ತಾನು ಕಚ್ಚಿದಳು. ಈಸ್ಟರಿನ ತನಕ ಕಾಯಲಿಲ್ಲ.

“ಅವ್ನನ್ನ ಕ್ಷಮಿಸಿದ್ಯಾ ಅತ್ತಿಗೆ?” ಎಂದು ಮೆಲ್ಲಗೆ ಕೇಳಿದೆ.

“ಇಲ್ಲ,” ಎಂದಳು. ಅವಳು ಅಗಿಯುತ್ತಿದ್ದಳು, ಅಳುತ್ತಲೂ ಇದ್ದಳು. ಕೆನ್ನೆಯನ್ನು ಬಟ್ಟೆ ಸುತ್ತಿದ ಬೆರಳಿನಿಂದ ಒರೆಸಿಕೊಂಡಳು. “ಸೋಂಪು ಜಾಸ್ತಿ ಹಾಕಿದ್ದಾಳೆ.”

ನಮ್ಮ ಬೆನ್ನ ಹಿಂದೆ ಬ್ರೆಡ್ಡಿನ ಅಂಗಡಿಯ ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಯಾರೋ ಒಳಗೆ ಹೋಗಿದ್ದರು.